ಚಪ್ಪಲಿ ಮಗುಚಿ ನೋಡುವವಳು

ಹೋದ ತಿಂಗಳು ನಮ್ಮ ಬೀದಿಯ ಸುಮಂಗಲಳ ಗೃಹಪ್ರವೇಶದಲ್ಲಿ ನಾನು ಮಾಲು ಸಮೇತ ಸಿಕ್ಕಿಬಿದ್ದೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬಂದಿದ್ದೆ. ನಮ್ಮ ಯಜಮಾನರು ದೇವಸಮುದ್ರದ ಕಡೆ ಕೆಲಸ ಮುಗಿಸಿಕೊಂಡು ನೇರವಾಗಿ ಊಟದ ಹೊತ್ತಿಗೇ ಬಂದವರು, ಇನ್ನೂ ಗಂಡಸರ ಪಂಕ್ತಿಯಲ್ಲಿ ಹೋಳಿಗೆಯ ಮುಂದೆ ಕೂತಿದ್ದರು. ನನಗೆ ಬೇಕಾದಷ್ಟು ಪುರುಸೊತ್ತಿತ್ತು. ಬಾಗಿಲ ಮುಂದೆ ಗುಡ್ಡೆ ಬಿದ್ದಿದ್ದ ಚಪ್ಪಲಿಗಳ ನಡುವೆ ನನ್ನವನ್ನು ಹುಡುಕುತ್ತಿರುವಾಗ ಗಂಡಸರ ಒಂದು ಜೊತೆ ಚಪ್ಪಲಿ ಕಣ್ಣಿಗೆ ಬಿತ್ತು. ಕಂದು ಬಣ್ಣದ ತೊಗಲು, ದಪ್ಪ ಅಟ್ಟೆ. ಎಡಗಾಲಿನದು ನೆಲದ ಮೇಲೆ ಸರಿಯಾಗಿ ಕೂತಿರಲಿಲ್ಲ, ಸ್ವಲ್ಪ ಹೊರಕ್ಕೆ ವಾಲಿತ್ತು. ಕೈ ಸುಮ್ಮನಿರಬೇಕಲ್ಲ! ಅತ್ತ ಇತ್ತ ನೋಡಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ ಅದನ್ನು ಮಗುಚಿದೆ.

"ಗಿರಿಜಕ್ಕಾ! ಏನ್ರಿ ಅದು ಮಾಡ್ತಿರೋದು?"

ಸುಮಂಗಲ ಅರಿಸಿನ ಕುಂಕುಮದ ತಟ್ಟೆ ಹಿಡಿದುಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. "ಹೊಸ ಮನೆ ಬಾಗ್ಲಾಗೆ ಯಾರಾದ್ರೂ ಚಪ್ಲಿ ಮಗುಚ್ತಾರೇನ್ರಿ? ಈಗಿನ್ನೂ ಹಾಲು ಉಕ್ಸೀವಿ, ಸಂಜೆಗೇ ನಂಗೂ ಅವ್ರಿಗೂ ಜಗಳ ಹಚ್ತೀರಾ?"

ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳ ಎಂಬುದು ನನಗೂ ಗೊತ್ತು. ಆದರೆ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮುಂಚಿನಿಂದಲೂ ಚಪ್ಪಲಿ ಮಗುಚುತ್ತಲೇ ಬಂದಿದ್ದೇವೆ. ಜಗಳ ಬಂದಿದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ.

"ಜಗಳ ಗಿಗಳ ಏನೂ ಬರಲ್ಲ, ಬಾರೇ ಇಲ್ಲಿ" ಎಂದು ಅವಳನ್ನೂ ಬಗ್ಗಿಸಿದೆ. "ನೋಡು, ಎಡ ಹಿಮ್ಮಡಿ ಹೊರಗಡೆ ಅಂಚು ಮಾತ್ರ ತಿಂದು ಹಾಕೈತೆ. ಬಲಗಾಲಿಂದು ಸಮ ಐತೆ. ಹೊಲಿಗೆ ಸಂದ್ಯಾಗೆ ಕೆಂಪು ಗರಸು ಮಣ್ಣು. ಯಾರೋ ಮೊಳಕಾಲ್ಮೂರು ಕಡೆ ಆಸಾಮಿ. ಎಡ ಮಂಡಿ ನೋವು ಇಟ್ಕಂಡು ಓಡಾಡ್ತಾನೆ, ಯಾರಿಗೂ ಹೇಳಿಲ್ಲ. ಯಾವ ಪುಣ್ಯಾತ್ಗಿತ್ತಿನೋ ಇವನ ಹೆಂಡ್ತಿ, ಕಣ್ಣು ಎಲ್ಲಿಟ್ಕಂಡವಳೋ!"

"ನಿಮ್ಮಂಗೆ ಕಂಡೋರ ಚಪ್ಲಿ ನೋಡ್ಕಂಡು ಕೂರಕ್ಕೆ ಎಲ್ರಿಗೂ ಪುರುಸೊತ್ತು ಇರ್ತೈತೇನ್ರಿ" ಎಂದು ಸುಮಂಗಲ ನಗುತ್ತಾ ನನ್ನ ಕೈಗೆ ತಾಂಬೂಲ ತುರುಕಿ ಒಳಗೆ ಹೋದಳು. ನಾನು ಚಪ್ಪಲಿಯನ್ನು ಇದ್ದ ಹಾಗೇ ನೆಟ್ಟಗೆ ಇಟ್ಟು, ಅಂಗಳದ ಕಲ್ಲುಬೆಂಚಿನ ಮೇಲೆ ಕೂತೆ.

ಈ ಚಟವನ್ನು ನನಗೆ ಅಂಟಿಸಿದವರು ನಮ್ಮಪ್ಪ. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಹೊರಟರೆ, ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯ ವಾಸನೆ ಮುಗಿದು ಗ್ರೀಸಿನ ವಾಸನೆ ಶುರುವಾಗುವ ಕಡೆ ನಮ್ಮ ಯಾರ್ಡು. ಚೈನಿನ ಮೇಲೆ ಓಡುವ ದೊಡ್ಡ ಮಿಷಿನ್ನುಗಳನ್ನು ನೀವೂ ನೋಡಿರುತ್ತೀರಿ. ಹೊಲ ಮಟ್ಟಸ ಮಾಡುವ ಡೋಜರು, ಕೃಷಿ ಹೊಂಡ ತೋಡುವ, ಕೆರೆ ಹೂಳು ಎತ್ತುವ ಚೈನ್ ಮಿಷಿನ್ನು. ಜನ ನೋಡುವುದು ಅದರ ಸೊಂಡಿಲು, ಬಕೆಟ್ಟು. ನಾವು ನೋಡುವುದು ಅದರ ಕಾಲು. ಚೈನು, ಚೈನು ಉರುಳುವ ರೋಲರುಗಳು, ಚೈನನ್ನು ಎಳೆಯುವ ಹಲ್ಲುಚಕ್ರ, ಮುಂದುಗಡೆ ಚೈನನ್ನು ಬಿಗಿಯಾಗಿ ಹಿಡಿಯುವ ಐಡ್ಲರ್ ಎಂಬ ದೊಡ್ಡ ಗಾಲಿ. ಇವಕ್ಕೆಲ್ಲ ಸೇರಿಸಿ ನಮ್ಮ ಯಾರ್ಡಿನಲ್ಲಿ ತಳದ ಸಾಮಾನು ಎನ್ನುತ್ತೇವೆ. ಸವೆದ ತಳದ ಸಾಮಾನನ್ನು ಬಿಚ್ಚಿ, ತೊಳೆದು, ಅಳೆದು, ಇದು ಇನ್ನೂ ಕೆಲಸಕ್ಕೆ ಬರುತ್ತದೋ ಗುಜರಿಗೆ ಹೋಗಬೇಕೋ ಎಂದು ಹೇಳುವುದು ನಮ್ಮ ಕಸುಬು.

ಅಪ್ಪನ ಬಾಯಲ್ಲಿ ತೀರ್ಪು ಎರಡೇ. ಒಂದು, "ನಡೀತೈತೆ". ಇನ್ನೊಂದು, "ನಡೆಯಲ್ಲ". ಇವೆರಡರ ಮಧ್ಯೆ ನೋಡೋಣ, ಆದರೂ, ಪರವಾಗಿಲ್ಲ ಮುಂತಾದ ಮಾತುಗಳು ಅವರಿಗೆ ಬರುತ್ತಿರಲಿಲ್ಲ. ಹೇಳಿದ ಮೇಲೆ ಮುಗಿಯಿತು, ಬ್ರಹ್ಮ ಬಂದು ಕೈಮುಗಿದರೂ ಬದಲಾಯಿಸುತ್ತಿರಲಿಲ್ಲ. ಅವ್ವ ಮಾಡಿದ ಸಾರಿಗೂ ಇದೇ ತೀರ್ಪು, ನಮ್ಮ ಪರೀಕ್ಷೆಯ ಅಂಕಗಳಿಗೂ ಇದೇ.

ಅಳೆಯುವ ಶೆಡ್ಡಿಗೆ ಅಪ್ಪ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು. ಬಂದವರೂ ಬಿಡಬೇಕು. ಕ್ಯಾಲಿಪರ್ರು, ಗೇಜು, ಸುತ್ತಿಗೆ ಎಲ್ಲಕ್ಕೂ ದಿನಾ ಬೆಳಿಗ್ಗೆ ವಿಭೂತಿ ಹಚ್ಚುತ್ತಿದ್ದರು. ಚೈನಿಗೂ ಒಂದು ತರದ ವಿಭೂತಿ ಇತ್ತು. ಲಿಂಕಿನ ಮೇಲೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುತ್ತಿದ್ದರು. ಕಬ್ಬಿಣದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದರೊಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತಿತ್ತು. ಆ ಗೆರೆ ಬರುತ್ತದೋ ಇಲ್ಲವೋ ಎಂದು ಹಣೆಗೆ ವಿಭೂತಿ ಬಳಿದುಕೊಂಡ ಅಪ್ಪ, ವಿಭೂತಿ ಬಳಿದುಕೊಂಡ ಚೈನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದುದು ನನ್ನ ಬಾಲ್ಯದ ಬೆಳಗಿನ ಪೂಜೆ. ರಜೆಯಲ್ಲಿ ಬೇರೆ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ತಂತಿಬ್ರಶ್ ಹಿಡಿದು ಲಿಂಕುಗಳ ಮಣ್ಣು ಕೆರೆಯುತ್ತಿದ್ದೆ. ಮಣ್ಣು ಹೋಗುವ ತನಕ ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ.

ನಮ್ಮ ಮನೆಯೂ ಒಂದು ಸಣ್ಣ ಯಾರ್ಡೇ ಆಗಿತ್ತು ಅನ್ನಿ. ಗೇಟಿನ ಪಕ್ಕ ಮಗುಚಿ ಹಾಕಿದ ಐಡ್ಲರ್ ಗಾಲಿಯೇ ಬಂದವರಿಗೆ ಕೂರಲು ಪೀಠ. ಬಚ್ಚಲಿನ ಮೆಟ್ಟಿಲು ಚೈನಿನ ಪ್ಲೇಟು. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದುದು ಡೋಜರಿನ ಚೈನಿನ ಲಿಂಕು ಜೋಡಿಸುವ ದಪ್ಪ ಕಬ್ಬಿಣದ ಪಿನ್ನಿನಲ್ಲಿ. ಆ ಪಿನ್ನು ಒಂದು ಮಗ್ಗುಲು ಸೊರಗಿ ಸೊಂಟ ಬಂದಿತ್ತು, ಅಜ್ಜಿಯ ಹಿಡಿಗೆ ಹೇಳಿ ಮಾಡಿಸಿದ ಹಾಗಿತ್ತು. ನೆಂಟರ ಮನೆಯವರು ಬೆಳ್ಳಿ ಲೋಟ ತೋರಿಸಿದರೆ ಅಜ್ಜಿ ಈ ಪಿನ್ನು ತೋರಿಸುತ್ತಿದ್ದಳು.

ಅವ್ವ ಹೊಲಿಗೆಯವಳು. ಅಪ್ಪನ ಅಂಗಿಯ ಕಾಲರು ಕತ್ತಿನ ಕಡೆ ಸವೆದು ನೂಲು ಬಿಟ್ಟರೆ, ಅದನ್ನು ಬಿಚ್ಚಿ ತಿರುವಿ ಹೊಲಿಯುತ್ತಿದ್ದಳು. ಸವೆಯದ ಮಗ್ಗುಲು ಮೇಲೆ ಬಂದು ಅಂಗಿ ಇನ್ನೊಂದು ದೀಪಾವಳಿ ದಾಟುತ್ತಿತ್ತು. ಯಾರ್ಡಿನಲ್ಲಿ ನಡೆಯುತ್ತಿದ್ದುದೂ ಇದೇ ಕೆಲಸ. ಚೈನಿನ ಲಿಂಕುಗಳ ನಡುವೆ ಬುಶ್ ಎಂಬ ಕಬ್ಬಿಣದ ಕೊಳವೆ ಇರುತ್ತದೆ. ಹಲ್ಲುಚಕ್ರ ಅದನ್ನು ಒಂದೇ ಕಡೆ ಹಿಡಿದು ಎಳೆಯುವುದರಿಂದ ಒಂದೇ ಮಗ್ಗುಲು ಸವೆಯುತ್ತದೆ. ಹೊತ್ತು ಮೀರುವ ಮುಂಚೆ ಅದನ್ನು ಪ್ರೆಸ್ಸಿನಲ್ಲಿ ಹೊರಗೆ ತಳ್ಳಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ಹೊಸ ಮಗ್ಗುಲಿನ ಮೇಲೆ ಚೈನು ಇನ್ನೊಂದು ಬಾಳು ಬಾಳುತ್ತದೆ. ಹೊತ್ತು ಮೀರಿ ಸವೆದರೆ ತಿರುಗಿಸಿಯೂ ಪ್ರಯೋಜನವಿಲ್ಲ. ಪ್ರೆಸ್ ನಡೆಸುತ್ತಿದ್ದವರು ಖಾದರ್ ಸಾಬರು. ಅವರು ನನ್ನನ್ನು ಬೇಟಿ ಎಂದೇ ಕರೆಯುತ್ತಿದ್ದರು. "ನಿಮ್ಮವ್ವ ಕಾಲರ್ ತಿರುಗಿಸ್ತಾರೆ, ನಾನು ಬುಶ್ ತಿರುಗಿಸ್ತೀನಿ. ಫರಕ್ ಏನೈತೆ ಬೇಟಿ, ಅವರಿಗೆ ಸೂಜಿ, ನಂಗೆ ಪ್ರೆಸ್ಸು" ಎನ್ನುತ್ತಿದ್ದರು.

ಅಪ್ಪನ ಇನ್ನೊಂದು ಪಾಠವನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಒಂಟಿ ಸಾಮಾನು ನೋಡಿ ಮಾತಾಡಬಾರದು. ಚೈನು ಮತ್ತು ಹಲ್ಲುಚಕ್ರ ಗಂಡ ಹೆಂಡಿರ ಹಾಗೆ ಜೊತೆಯಲ್ಲೇ ಸವೆಯುತ್ತವೆ. ಚೈನು ಪೂರಾ ಸವೆದಿದ್ದು ಚಕ್ರದ ಹಲ್ಲು ಮಾತ್ರ ಚೂಪಾಗದೆ ದಪ್ಪಗಿದ್ದರೆ ಎಲ್ಲೋ ಅದಲು ಬದಲಾಗಿದೆ ಎಂದು ಅರ್ಥ. ಮಾರುವವರು ಇಂಥ ಆಟ ಆಡುವುದುಂಟು. ಮೇಲೆ ಕಪ್ಪು ಬಣ್ಣ ಹೊಡೆದು ಹೊಳೆಯುವಂತೆ ಮಾಡಿಯೂ ತರುತ್ತಾರೆ. ಅಪ್ಪ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, "ಇದು ಬೇರೆ ಮಿಷಿನ್ದು" ಎಂದು ಬದಿಗೆ ಸರಿಸಿಬಿಡುತ್ತಿದ್ದರು.

ಇಂಥವರಿಗೆ ಜಗತ್ತಿನಲ್ಲಿ ಸವೆಯುವುದೆಲ್ಲ ತಳದ ಸಾಮಾನಾಗಿ ಕಂಡರೆ ಏನಾಶ್ಚರ್ಯ? ಹೋದ ಮನೆಯ ಹೊಸ್ತಿಲಲ್ಲಿ, ಮದುವೆಯ ಚಪ್ಪರದಲ್ಲಿ, ಎಲ್ಲಿ ಚಪ್ಪಲಿ ಕಂಡರೂ ಮಗುಚುತ್ತಿದ್ದರು. ಮುಂಗಾಲು ಸವೆದಿದ್ದರೆ ಅವಸರದ ಮನುಷ್ಯ. ಹಿಮ್ಮಡಿ ಸವೆದಿದ್ದರೆ ಕಾಲೆಳೆಯುವವನು. ಒಂದು ಕಾಲಿನದು ಮಾತ್ರ ಸವೆದಿದ್ದರೆ ಒಳಗೆ ಏನೋ ಊನ ಇದೆ. ನಮ್ಮ ಶಾಲೆಯ ಮೇಷ್ಟ್ರಿಗೆ ಸೊಂಟ ನೋವಿದೆ ಎಂದು ಅವರ ಹೆಂಡತಿಗಿಂತ ಮುಂಚೆ ಅಪ್ಪ ಹೇಳಿದ್ದರು.

ಒಂದು ಸಲ ಜಟಿಂಗ ರಾಮೇಶ್ವರಕ್ಕೆ ಹೋಗಿದ್ದೆವು. ಬೆಟ್ಟದ ಬುಡದಲ್ಲಿ ಭಕ್ತರು ಬಿಟ್ಟ ಚಪ್ಪಲಿಗಳು ಸಾಲುಗಟ್ಟಿದ್ದವು. ಅವ್ವ ಮೆಟ್ಟಿಲು ಹತ್ತಿ, ದರ್ಶನ ಮಾಡಿ, ಪ್ರಸಾದ ತೆಗೆದುಕೊಂಡು ಇಳಿದು ಬಂದಳು. ಅಪ್ಪ ಇನ್ನೂ ಬುಡದಲ್ಲೇ ಇದ್ದರು. "ದೇವ್ರ ಮುಖ ನೋಡ್ದೆ ಇವ್ರ ಚಪ್ಲಿ ನೋಡ್ತಾ ಕುಂತೀರಲ್ರಿ" ಎಂದು ಅವ್ವ ಹಣೆ ಚಚ್ಚಿಕೊಂಡಳು. "ದೇವ್ರು ಎಲ್ಲಿಗೂ ಹೋಗಲ್ಲ ಕಣೇ, ಇವು ಹೋಗಿಬಿಡ್ತವೆ" ಎಂದರು ಅಪ್ಪ. ಪ್ರಸಾದವನ್ನು ಮಾತ್ರ ಕಣ್ಣಿಗೊತ್ತಿಕೊಂಡು ತಿಂದರು.

ಇನ್ನು ಆ ಜಗಳದ ವಿಚಾರ. ಅದು ನನ್ನ ಮದುವೆಯದೇ.

ನಾನು ಓದು ಮುಗಿಸಿ ಅಪ್ಪನ ಜೊತೆ ಶೆಡ್ಡಿನಲ್ಲಿ ನಿಲ್ಲಲು ಶುರುಮಾಡಿದ್ದ ದಿನಗಳವು. ಕ್ಯಾಲಿಪರ್ರು ನನ್ನ ಕೈಗೆ ಬಂದಿತ್ತು, ತೀರ್ಪು ಇನ್ನೂ ಅಪ್ಪನ ಬಾಯಲ್ಲೇ ಇತ್ತು. ಒಂದು ದಿನ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಡೆಯಿಂದ ಒಬ್ಬ ತರುಣ ಲಾರಿಯಲ್ಲಿ ಡೋಜರಿನ ಚೈನು ಹೇರಿಕೊಂಡು ಬಂದ. ಹೆಸರು ತಿಪ್ಪೇರುದ್ರ. ಆ ಕಡೆಯ ಹೊಲಗಳ ಗರಸು ಮಣ್ಣಿನಲ್ಲಿ ಬದು ಹಾಕುವುದು, ಮಟ್ಟಸ ಮಾಡುವುದು ಅವನ ಕೆಲಸ. ಚೈನು ಇಳಿಸುವಾಗ ಅವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಎರಡನ್ನೂ ಲಾರಿಯೊಳಗೆ ಎಸೆದು ಬರಿಗಾಲಲ್ಲೇ ಒಳಗೆ ಬಂದ.

ನಿಮಗೆ ಇದು ತಮಾಷೆ ಅನ್ನಿಸಬಹುದು, ಆದರೆ ನನ್ನ ಮನಸ್ಸು ಕದಲಿದ್ದು ಅವನ ಮೀಸೆ ನೋಡಿಯಲ್ಲ, ಅವನ ಚೈನು ನೋಡಿ. ಅದನ್ನು ತೊಳೆದು ತಂದಿದ್ದ! ಲಿಂಕು ಲಿಂಕಿನ ಸಂದಿಯನ್ನೂ ಕಡ್ಡಿಯಲ್ಲಿ ಕೆರೆದು ಮಣ್ಣು ತೆಗೆದಿದ್ದ. ನಮ್ಮ ಯಾರ್ಡಿಗೆ ಅಲ್ಲಿಯ ತನಕ ಯಾರೂ ಚೈನು ತೊಳೆದು ತಂದಿರಲಿಲ್ಲ. ವರ್ಷಗಟ್ಟಲೆ ಕಂಡವರ ಹೊಲದ ಮಣ್ಣು ಕೆರೆದ ಹುಡುಗಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕೆ?

ನಾನು ಅಳೆದೆ, ಅವನು ಬಗ್ಗಿ ಚೈನು ಹಿಡಿದುಕೊಂಡ. ಅಳೆದು, "ಬುಶ್ ತಿರುಗಿಸಿದ್ರೆ ಆಗ್ತೈತೆ ಅನ್ಸುತ್ತೆ" ಎಂದೆ.

"ಹೇಳೋರು ನೀವೋ, ನಿಮ್ಮಪ್ಪಾರೋ?" ಎಂದು ಕೇಳಿದ.

"ಅಳೆಯೋಳು ನಾನು. ಹೇಳೋರು ಅವ್ರು" ಎಂದೆ. ಅವನು ನಕ್ಕ. ಅಪ್ಪ ಬಂದು, ಸೀಮೆಸುಣ್ಣ ಬಳಿದು, ಕಾದು ನೋಡಿ, "ನಡೀತೈತೆ" ಎಂದರು.

ಅವನು ಹೋದ ಮೇಲೆ ನೋಡುತ್ತೇನೆ, ತೊಳೆಯುವ ತೊಟ್ಟಿಯ ಪಕ್ಕದ ಹಸಿ ಮಣ್ಣಿನಲ್ಲಿ ಅವನ ಬಲಗಾಲು, ಎಡಗಾಲು ಎರಡೂ ಅಚ್ಚೊತ್ತಿದ್ದವು. ಎಣ್ಣೆ ಕುಡಿದ ಕಪ್ಪು ಜೇಡಿ, ಒಣಗಿದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಯಾರಾದರೂ ತುಳಿದಾರು ಎಂದು ನಾನು ಅದರ ಮೇಲೆ ಎರಡು ಹಳೆಯ ಪ್ಲೇಟು ಎಳೆದು ಮುಚ್ಚಿದೆ. ಯಾಕೆ ಮುಚ್ಚಿದೆ ಎಂದು ನನ್ನನ್ನು ಕೇಳಬೇಡಿ. ಆ ವಯಸ್ಸಿನಲ್ಲಿ ಬೇರೆ ಹುಡುಗಿಯರು ಪುಸ್ತಕದಲ್ಲಿ ನವಿಲುಗರಿ ಮುಚ್ಚಿಡುತ್ತಿದ್ದರು. ನಮ್ಮ ಮನೆಯಲ್ಲಿ ಸಿಗುತ್ತಿದ್ದುದು ಕಬ್ಬಿಣ.

ಚೈನು ವಾಪಸು ಒಯ್ಯಲು ಬಂದವನು ನನ್ನನ್ನು ಇನ್ನೊಮ್ಮೆ ನೋಡಿದ. ಮುಂದೆ ಅವರ ಮನೆಯಿಂದಲೇ ಕೇಳಿಕೊಂಡು ಬಂದರು. ಜಾತಿ, ಬಳಿ ಎಲ್ಲ ಹೊಂದಿತು. ಅಪ್ಪ, ಅವ್ವ, ನನ್ನ ಸೋದರಮಾವ ಮೂವರೂ ದೇವಸಮುದ್ರದ ಬಸ್ಸು ಹತ್ತಿ ಮನೆ ನೋಡಿ ಬರಲು ಹೋದರು. ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ಹೋಗಿ ಮನೆ, ಹೊಲ, ಬಾವಿ ನೋಡಿ ಬರುವುದು ಪದ್ಧತಿ. ನಾನು ಮನೆಯಲ್ಲಿ ಕೂತು ಅಜ್ಜಿಯ ಪಿನ್ನಿನಲ್ಲಿ ಶುಂಠಿ ಕುಟ್ಟುತ್ತಾ ಕುಟ್ಟುತ್ತಾ ಅದನ್ನು ನೀರು ಮಾಡಿದೆ.

ಸಂಜೆ ಬಂದ ಅಪ್ಪ ಕಾಲು ತೊಳೆದು, ಜಗಲಿಯ ಮೇಲೆ ಕೂತು, ಯಾರೂ ಕೇಳುವ ಮುಂಚೆಯೇ ಹೇಳಿದರು. "ನಡೆಯಲ್ಲ."

ಅವ್ವ ತಿರುಗಿಬಿದ್ದಳು. "ಏನ್ ನಡೆಯಲ್ಲ? ಮನೆ ಚೆನ್ನಾಗೈತೆ, ಜನ ಚೆನ್ನಾಗವ್ರೆ. ಆ ಬೀಗಿತ್ತಿ ತೆಲುಗ್ನಾಗೆ ರಾ ಅಮ್ಮಾ, ಕೂಚೋ ಅಂತ ಕೈ ಹಿಡ್ದು ಕೂರಿಸ್ಕಂಡ್ಳು. ಹುಡುಗ ಬಸ್ಸಿನ ತನಕ ಬಂದು ಕರ್ಕಂಡು ಹೋದ. ಇನ್ನೇನ್ ಬೇಕಿತ್ತು ನಿಮ್ಗೆ?"

"ಹುಡುಗ ಬಸ್ಸಿನ ಹತ್ರ ಬಂದ್ನಲ್ಲ, ನಾನು ಹಿಂದಿಂದೆ ಬಂದೆ. ಕಾಲು ಎಳೀತಾನೆ. ಹೊಸ್ತಿಲ ಹತ್ರ ಬಿಟ್ಟಾಗ ಚಪ್ಲಿ ಮಗುಚಿ ನೋಡ್ದೆ. ಎಡ ಹಿಮ್ಮಡಿ ಹೊರಗಡೆ ಪೂರಾ ತಿಂದೈತೆ, ಬಲಗಡೆ ಸಮ ಐತೆ. ವರ್ಷಾನುಗಟ್ಲೆ ಸವೆತ ಅದು. ಮಂಡಿನೋ ಸೊಂಟನೋ, ಏನೋ ಐತೆ. ಹೇಳ್ದೆ ಮುಚ್ಚಿಟ್ಟವ್ರೆ. ಮೇಲೆ ಬಣ್ಣ ಹೊಡ್ದು ತರೋ ಜನದ ಹತ್ರ ನಾನು ಸಾಮಾನೇ ತಗಳಲ್ಲ, ಮಗಳನ್ನ ಕೊಡ್ತೀನಾ?"

ಅವ್ವ ಅತ್ತಳು, ಕೂಗಾಡಿದಳು. "ಚಪ್ಲಿ ಮಗುಚಿ ಮಗುಚಿ ಮನೆಗೇ ಜಗಳ ತಂದ್ರಿ" ಎಂದಳು. ನಾನು ಹೇಳಿದ ಒಂದೇ ಜಗಳ ಇದು. ಸೋದರಮಾವ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಒಲ್ಲೆವೆಂದು ಹೇಳಿ ಬರುವುದು ಎಂದು ತೀರ್ಮಾನವಾಯಿತು.

ಅಪ್ಪನಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಕೂತು ಅಳಬಹುದಿತ್ತು, ಅವನೇ ಬೇಕು ಎಂದು ಹಟ ಹಿಡಿಯಬಹುದಿತ್ತು. ಅಪ್ಪ ಕಣ್ಣೀರಿಗೆ ಬಗ್ಗುವವರಲ್ಲ, ಅವರ ಮುಂದೆ ಸಾಮಾನೇ ಇಡಬೇಕು. ಬೆಳಗಾಗುತ್ತಲೇ ಯಾರ್ಡಿಗೆ ಹೋದೆ. ಅಪ್ಪ ಕ್ಯಾಲಿಪರ್ರಿಗೆ ವಿಭೂತಿ ಹಚ್ಚುತ್ತಿದ್ದರು. ಖಾದರ್ ಸಾಬರು ಪ್ರೆಸ್ಸಿನ ಪಕ್ಕ ಚಹಾ ಕುಡಿಯುತ್ತಿದ್ದರು. ಸೋದರಮಾವ ಬ್ಯಾಗು ಹಿಡಿದು ಗೇಟಿನಲ್ಲಿ ನಿಂತು ಹೊರಡುವ ಅವಸರದಲ್ಲಿದ್ದರು.

"ಅಪ್ಪಾ, ನೀನು ಒಂಟಿ ಸಾಮಾನು ನೋಡಿ ಬಂದೀಯ" ಎಂದೆ. ನನ್ನ ದನಿ ನನಗೇ ಬೇರೆಯವರದಾಗಿ ಕೇಳಿಸಿತು.

ಅಪ್ಪ ತಿರುಗಿ ನೋಡಿದರು. "ಏನಂದೆ?"

"ನೀನು ನೋಡಿದ್ದು ಚಪ್ಲಿ. ಕಾಲು ನೋಡಿದ್ಯೇನು? ಚೈನು ನೋಡಿ ಚಕ್ರ ನೋಡ್ದೆ ಬರ್ತೀಯಾ ನೀನು?"

ಅವರು ಬಾಯಿ ತೆರೆಯುವ ಮುಂಚೆ ಕೈ ಹಿಡಿದು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದೆ. ಪ್ಲೇಟಿನ ಅಂಚು ಒಣಗಿದ ಜೇಡಿಗೆ ಕಚ್ಚಿಕೊಂಡಿತ್ತು, ಎಳೆಯಲು ನನ್ನ ಕೈಯಲ್ಲಿ ಆಗಲಿಲ್ಲ. ಖಾದರ್ ಸಾಬರೇ ಬಂದು ಎಳೆದರು. ಕೆಳಗೆ ಎರಡು ಪಾದ, ಕಲ್ಲಿನಲ್ಲಿ ಕೊರೆದ ಹಾಗೆ ಅಚ್ಚುಕಟ್ಟಾಗಿ ಒಣಗಿ ನಿಂತಿದ್ದವು.

"ಯಾರ್ದು ಇದು?" ಎಂದರು ಅಪ್ಪ.

"ಅವ್ರದು. ಚೈನು ತಂದ ದಿನದ್ದು."

"ಅವ್ನದೇ ಅಂತ ಏನು ಗ್ಯಾರಂಟಿ?"

"ನಾನೇ ಮುಚ್ಚಿಟ್ಟಿದ್ದೆ" ಎಂದೆ. ಭೂಮಿ ಬಾಯಿ ಬಿಟ್ಟಿದ್ದರೆ ಆ ಕ್ಷಣವೇ ಒಳಗೆ ಇಳಿದು ಪ್ಲೇಟು ಮುಚ್ಚಿಕೊಳ್ಳುತ್ತಿದ್ದೆ.

ಖಾದರ್ ಸಾಬರು ಚಹಾದ ಲೋಟ ಕೆಳಗಿಟ್ಟರು. "ಸಾವ್ಕಾರ್ರೇ, ಗ್ಯಾರಂಟಿ ನಾನು ಕೊಡ್ತೀನಿ. ಈ ಪ್ಲೇಟು ಗುಜರಿಗೆ ಹಾಕಾಣ ಅಂತ ಎತ್ತಕ್ಕೆ ಹೋದ್ರೆ ಬೇಟಿ ನಂಗೆ ಕಣ್ಣು ಬಿಟ್ಲು. ಅವತ್ತಿಂದ ಮುಟ್ಟಿಲ್ಲ."

ಅಪ್ಪ ನನ್ನ ಮುಖ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತರು. ಹೆಜ್ಜೆಯೊಳಗೆ ಕೂತಿದ್ದ ಧೂಳನ್ನು ಬಾಯಿಂದ ಊದಿ ತೆಗೆದರು, ಮಣ್ಣು ಹೋಗದೆ ಅವರು ಏನನ್ನೂ ನೋಡುತ್ತಿರಲಿಲ್ಲವಲ್ಲ. ಎಡ ಹಿಮ್ಮಡಿಯ ಗುಳಿಯೊಳಗೆ ಬೆರಳಿಟ್ಟು ಒಳಗಡೆ, ಹೊರಗಡೆ ಆಳ ನೋಡಿದರು. ಬಲ ಹಿಮ್ಮಡಿಯಲ್ಲೂ ನೋಡಿದರು. ಎರಡೂ ಸಮ. ಆಮೇಲೆ ಗೇಣು ಹಾಕಿ ಪಾದದ ಉದ್ದ ಅಳೆದರು. ಏನೋ ನೆನಪು ಮಾಡಿಕೊಳ್ಳುವವರ ಹಾಗೆ ಕಣ್ಣು ಮುಚ್ಚಿ, ಗಾಳಿಯಲ್ಲೇ ಮತ್ತೆ ಗೇಣು ಹಾಕಿದರು. ಮಾವನಿಗೆ ಬಸ್ಸಿನ ಹಾರ್ನು ಕೇಳಿಸಿದರೂ ಅವರು ಕದಲಲಿಲ್ಲ.

"ಆ ಚಪ್ಲಿ ಇದಕ್ಕಿಂತ ಉದ್ದ ಐತೆ" ಎಂದರು ಅಪ್ಪ ಕೊನೆಗೆ. "ಅದಕ್ಕೇ ಎಳ್ಕಂಡು ನಡೀತಿದ್ದ. ಅದು ಬೇರೆ ಮಿಷಿನ್ದು." ಎದ್ದು ಮಂಡಿಯ ಮಣ್ಣು ಕೊಡವಿಕೊಂಡು ಮಾವನ ಕಡೆ ತಿರುಗಿದರು. "ಹೋಗಿ ಹೇಳಿ ಬಾರಪ್ಪ. ನಡೀತೈತೆ."

ಅಪ್ಪ ಒಮ್ಮೆ ಕೊಟ್ಟ ತೀರ್ಪು ಬದಲಾಯಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಗೊತ್ತಾಯಿತು, ಆ ಚಪ್ಪಲಿ ನನ್ನ ಮಾವನವರದು, ಅಂದರೆ ತಿಪ್ಪೇರುದ್ರರ ತಂದೆಯದು. ಉಂಗುಷ್ಠ ಕಿತ್ತ ಚಪ್ಪಲಿ ಹೊಲಿಸುವ ಸೋಮಾರಿತನಕ್ಕೆ ನಮ್ಮವರು ಅವತ್ತಿನ ತನಕ ಅದನ್ನು ಲಾರಿಯಲ್ಲೇ ಬಿಟ್ಟಿದ್ದರಂತೆ. ಬೀಗರು ಬಂದರು ಎಂದು ಕೈಗೆ ಸಿಕ್ಕ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಹತ್ತಿರ ಓಡಿದ್ದರು. ಹೀಗೆ ಒಂದು ಉಂಗುಷ್ಠದಿಂದ ತಪ್ಪಿಹೋಗುತ್ತಿದ್ದ ಮದುವೆ ನನ್ನದು. ಮಾವನವರು ವಯಸ್ಸಿನಲ್ಲಿ ನೇಗಿಲು, ನೊಗ, ಹುಲ್ಲಿನ ಹೊರೆ ಎಲ್ಲವನ್ನೂ ಎಡ ಹೆಗಲ ಮೇಲೇ ಹೊತ್ತವರು. ಅವರ ಎಡಗಾಲು ಹಾಗೆ ಸವೆದಿತ್ತು. ಮದುವೆಯಾದ ಮೇಲೆ ಅವರ ಚಪ್ಪಲಿಯನ್ನು ದಿನಾ ಹೊಸ್ತಿಲಲ್ಲಿ ನೋಡುತ್ತಿದ್ದೆ. ಹೊರಕ್ಕೆ ವಾಲಿದ ಆ ಎಡ ಚಪ್ಪಲಿ ಕಂಡಾಗೆಲ್ಲ ನಗು ಬರುತ್ತಿತ್ತು. ನಮ್ಮಪ್ಪನಂಥ ನಮ್ಮಪ್ಪನನ್ನೇ ಏಮಾರಿಸಿದ ಚಪ್ಪಲಿ ಅದು.

ಈಗ ಅಪ್ಪನೂ ಇಲ್ಲ, ಮಾವನವರೂ ಇಲ್ಲ. ಚಳ್ಳಕೆರೆಗೆ ವಾಪಸು ಬಂದು ಯಾರ್ಡನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮವರು ಅರ್ಧ ವಾರ ಇಲ್ಲಿ, ಅರ್ಧ ವಾರ ದೇವಸಮುದ್ರದಲ್ಲಿ, ಮಿಷಿನ್ನಿನ ಕೆಲಸ. ಸುಮಂಗಲಳ ಮನೆಯ ಕಲ್ಲುಬೆಂಚಿನ ಮೇಲೆ ಕೂತು ಇದನ್ನೆಲ್ಲ ನೆನೆದುಕೊಂಡು ನಾನೊಬ್ಬಳೇ ನಗುತ್ತಿರುವಾಗ ಗಂಡಸರ ಪಂಕ್ತಿ ಎದ್ದಿತು. ನಮ್ಮವರು ವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಚಪ್ಪಲಿಗಳ ಗುಡ್ಡೆಯ ಮುಂದೆ ನಿಂತು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಮೊದಲು ಬಲಗಾಲು, ಆಮೇಲೆ ನಿಧಾನವಾಗಿ ಎಡಗಾಲು ತೂರಿಸಿದರು.

ಕಂದು ಬಣ್ಣದ ತೊಗಲು, ದಪ್ಪ ಅಟ್ಟೆ.

"ಅವು ನಿಮ್ಮವೇನ್ರಿ?" ಎಂದೆ.

"ಮತ್ತಿನ್ಯಾರವು? ಅಲ್ಲಿ ಮನೇಲಿ ಇಟ್ಟಿರ್ತೀನಲ್ಲ, ಅವೇ. ಕಾರ್ಯದ ಮನೆಗೆ ಬೂಟು ಹಾಕ್ಕಂಡು ಬರಕ್ಕಾಗ್ತೈತಾ ಅಂತ ಇವ್ನೇ ಮೆಟ್ಕಂಡು ಬಂದೆ."

ಯಾರ್ಡಿನಲ್ಲಿ ಅವರದು ರಬ್ಬರ್ ಬೂಟು, ಮನೆಯಲ್ಲಿ ಬರಿಗಾಲು. ಈ ಚಪ್ಪಲಿ ದೇವಸಮುದ್ರದಲ್ಲೇ ಇದ್ದು, ಅಲ್ಲೇ ಸವೆದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇರೆಯವರದೋ ಏನೋ ಎಂದು ಒಂದು ಕ್ಷಣ ಆಸೆಪಟ್ಟೆ. ಅಪ್ಪನ ಹಾಗೆ ಚಪ್ಪಲಿ ನೋಡಿ, ಕಾಲು ನೋಡಿದೆ. ಅಟ್ಟೆಯಲ್ಲಿ ಬೆರಳುಗಳ ಗುಳಿಯೊಳಗೆ ಬೆರಳುಗಳು ಸರಿಯಾಗಿ ಹೋಗಿ ಕೂತಿದ್ದವು. ಇದೇ ಮಿಷಿನ್ನಿನ ಸಾಮಾನು.

ಸುಮಂಗಲ ಬಾಗಿಲಲ್ಲಿ ನಿಂತಿದ್ದವಳು ಚಪ್ಪಲಿ ನೋಡಿದಳು, ನನ್ನನ್ನು ನೋಡಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನನಗೆ ನಗು ಬರಲಿಲ್ಲ. ಪುಣ್ಯಾತ್ಗಿತ್ತಿ ಎಂದು ಬೈದಿದ್ದೆನಲ್ಲ, ಆ ಪುಣ್ಯಾತ್ಗಿತ್ತಿ ನಾನೇ. ಊರವರ ಕಾಲನ್ನೆಲ್ಲ ನೋಡಿದವಳು ಮನೆಯ ಕಾಲನ್ನು ನೋಡಿರಲಿಲ್ಲ.

ಮನೆಗೆ ನಡೆದೇ ಹೋಗಬೇಕಿತ್ತು. ನಾನು ಬೇಕೆಂದೇ ಹಿಂದೆ ಉಳಿದು ಅವರ ಹಿಂದಿನಿಂದ ನಡೆದೆ. ಅಂದು ಬಸ್ಸಿನಿಂದ ಇಳಿದು ಅಪ್ಪ ಹೀಗೇ ಇವರ ಹಿಂದೆ ನಡೆದು ಹೋಗಿರಬೇಕು. ಎಡ ಹೆಜ್ಜೆ ಹೊರಗಿನ ಅಂಚಿನ ಮೇಲೆ ಬೀಳುತ್ತಿತ್ತು, ಥೇಟ್ ಮಾವನವರ ನಡಿಗೆ. ಅಪ್ಪ ತಪ್ಪು ನೋಡಿದರು ಎಂದು ಇಷ್ಟು ವರ್ಷ ನಕ್ಕಿದ್ದೆ. ಅವರು ನೋಡಿದ್ದು ಇವರ ಚಪ್ಪಲಿಯನ್ನೇ, ಸ್ವಲ್ಪ ಬೇಗ ನೋಡಿದ್ದರು ಅಷ್ಟೆ.

ನಮ್ಮ ಗೇಟಿನ ಪಕ್ಕ ಹಳೆಯ ಐಡ್ಲರ್ ಗಾಲಿ ಇನ್ನೂ ಇದೆ. ಗೇಟು ದಾಟಿ ಒಳಗೆ ಹೊರಟವರನ್ನು ತಡೆದೆ.

"ಎಷ್ಟು ದಿನದಿಂದ ನೋವು?"

"ಯಾವ ನೋವು?"

"ಎಡ ಮಂಡಿದು. ಮಿಷಿನ್ನಿಂದ ಇಳಿಯುವಾಗ ಎಡಗಾಲೇ ಮುಂದೆ ಹಾಕಿ ಧುಮುಕ್ತೀರಿ. ಬೇಡ ಅಂತ ಎಷ್ಟು ಸಲ ಹೇಳೀನಿ?"

ಅವರು ತಲೆ ಬಗ್ಗಿಸಿದರು. ಚಪ್ಪಲಿ ನೋಡಿಕೊಂಡರು. ತಮ್ಮನ್ನು ಹಿಡಿದುಕೊಟ್ಟದ್ದು ಅದೇ ಎಂದು ಅವರಿಗೆ ತಿಳಿಯಿತು. "ಏನಿಲ್ಲ ಬಿಡೇ, ನಿಂಗ್ಯಾಕೆ ಸುಮ್ನೆ ಯೋಚ್ನೆ ಅಂತ ಹೇಳ್ಲಿಲ್ಲ. ಸ್ವಲ್ಪ ಹಿಡ್ಕಂತೈತೆ ಅಷ್ಟೆ. ನಡೀತೈತೆ" ಎಂದರು.

ನಾನು ಭುಜ ಹಿಡಿದು ಅವರನ್ನು ಐಡ್ಲರ್ ಗಾಲಿಯ ಮೇಲೆ ಕೂರಿಸಿದೆ. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಎಡಗಾಲಿನ ಚಪ್ಪಲಿ ಬಿಡಿಸಿ, ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕಾಲು ಕೊಸರಿಕೊಳ್ಳಲು ನೋಡಿದರು, ಬಿಡಲಿಲ್ಲ.

"ಅದನ್ನ ಹೇಳೋಳು ನಾನು" ಎಂದೆ.